‘ಸರ್ವರ್ ಡೌನ್ ಅದ್ರಿ, ನಾಳಿ ಬರ್ರಿ’: ಈ ನಾಳೆಯ ಲೆಕ್ಕ ಯಾರ ಹತ್ತಿರ ಇದೆ?

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಮಹಾರಾಷ್ಟ್ರ ಗಡಿಗೆ ಹತ್ತಿರದ ಹೋಬಳಿ ಊರು. ಆ ಕಡೆ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ನಡೀತಾವೆ. ಮೂರೂ ಭಾಷೆಯವರಿಗೆ ಅನುವಾದ ಬೇಡದ ಮಾತು ಒಂದಿದ್ದರೆ ಅದು ‘ಸರ್ವರ್ ಡೌನ್’. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ರೇಷನ್, ಪಿಂಚಣಿ, ಜಮೀನು ನೋಂದಣಿ... ಬೀದರ್ ಇರಲಿ, ಚಾಮರಾಜನಗರ ಇರಲಿ, ಯಾವ ಕೌಂಟರ್ ಮುಂದೆ ನಿಂತರೂ ಒಂದಲ್ಲ ಒಂದು ದಿನ ಈ ಉತ್ತರ ಕೇಳಿಯೇ ಕೇಳ್ತೀರಿ.

ಮಳೆ ಬಂತು, ಕರೆಂಟ್ ಹೋಯ್ತು ಅನ್ನೋ ಧಾಟಿಯಲ್ಲೇ ಇದನ್ನೂ ಹೇಳ್ತಾರೆ. ನಾವೂ ಹಾಗೇ ಕೇಳಿಸಿಕೊಂಡು ಮನೆಗೆ ಹೋಗ್ತೀವಿ.

ನಾನು ಈ ಭಾಗದವನು. ಹೊಟ್ಟೆಪಾಡಿಗೆ ಹೈದರಾಬಾದಿನಲ್ಲಿ ಒಂದು ಖಾಸಗಿ ಕಂಪನಿಗಾಗಿ ಕ್ಲೌಡ್ ಮೇಲೆ ಓಡುವ ಸೇವೆಗಳನ್ನು ಕಾಯುವ ಕೆಲಸ ಮಾಡ್ತೀನಿ. ರಾತ್ರಿ 2 ಗಂಟೆಗೆ ಯಾವುದೋ ಒಂದು ಸೇವೆ ಉತ್ತರ ಕೊಡಲು 3 ಸೆಕೆಂಡ್ ತಡ ಮಾಡಿದರೆ ನನ್ನ ಫೋನ್ ಬಡಕೊಳ್ಳುತ್ತೆ. ಹಾಗಾಗಿ ಇಷ್ಟು ಖಚಿತವಾಗಿ ಹೇಳಬಲ್ಲೆ: ಸರ್ವರ್ ಡೌನ್ ಅನ್ನೋದು ನೈಸರ್ಗಿಕ ವಿಕೋಪ ಅಲ್ಲ. ಅದು ಯಾವಾಗ ಶುರುವಾಯ್ತು, ಎಷ್ಟು ನಿಮಿಷ ನಡೀತು, ಎಷ್ಟು ಜನರ ಕೆಲಸ ಅರ್ಧಕ್ಕೆ ನಿಂತಿತು ಅನ್ನೋದನ್ನೆಲ್ಲಾ ಯಂತ್ರವೇ ಬರೆದಿಡಬಲ್ಲದು. ಆ ಲೆಕ್ಕವನ್ನು ಎಲ್ಲಿ ನಿಂತು ತೆಗೀತಾರೆ, ಯಾರಿಗೆ ತೋರಿಸ್ತಾರೆ ಅನ್ನೋದೇ ಇಲ್ಲಿರುವ ರಾಜಕೀಯ.

ಹೆಬ್ಬೆಟ್ಟಿನ ಪ್ರಯಾಣ

ಸಾಯಗಾಂವದಂಥ ಊರಿನಲ್ಲಿ ಒಬ್ಬ ಅಜ್ಜಿ ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಇಡ್ತಾಳೆ ಅಂತಿಟ್ಟುಕೊಳ್ಳಿ. ಆ ಗುರುತು ಯಂತ್ರದೊಳಗಿನ ಸಿಮ್‌ನಿಂದ ಟವರ್‌ಗೆ, ಅಲ್ಲಿಂದ ಇಂಟರ್ನೆಟ್‌ ಮೂಲಕ ಇಲಾಖೆಯ ಸರ್ವರ್‌ಗೆ, ಅಲ್ಲಿಂದ ಆಧಾರ್ ವ್ಯವಸ್ಥೆಗೆ ಹೋಗುತ್ತೆ. ಆಧಾರ್‌ನ ದತ್ತಾಂಶ ಕೇಂದ್ರಗಳಿರೋದು ಬೆಂಗಳೂರು ಮತ್ತು ಹರಿಯಾಣದ ಮಾನೇಸರ್‌ನಲ್ಲಿ. ‘ಹೌದು, ಇವಳೇ’ ಅನ್ನೋ ಉತ್ತರ ಅದೇ ದಾರಿ ಹಿಡಿದು ವಾಪಸ್ ಬಂದರೆ ಅಕ್ಕಿ. ನಡುವೆ ಒಂದು ಕೊಂಡಿ ಕಳಚಿದರೂ ಅಂಗಡಿಯವನ ಬಾಯಲ್ಲಿ ಬರೋದು ಅದೇ ಎರಡು ಶಬ್ದ. ಟವರ್ ಕೈಕೊಟ್ಟರೂ ‘ಸರ್ವರ್ ಡೌನ್’, ಬೆರಳು ಸವೆದಿದ್ದರೂ ‘ಸರ್ವರ್ ಡೌನ್’. ಕೆಲವು ಸಲ ಮಧ್ಯಾಹ್ನದ ಊಟಕ್ಕೆ ಹೋಗಬೇಕಿದ್ದರೂ ‘ಸರ್ವರ್ ಡೌನ್’, ಅದು ಬೇರೆ ಮಾತು.

2016-17ರ ಕೇಂದ್ರದ ಆರ್ಥಿಕ ಸಮೀಕ್ಷೆ ಆಧಾರ್ ದೃಢೀಕರಣ ವಿಫಲವಾಗುವ ಪ್ರಮಾಣವನ್ನು ಜಾರ್ಖಂಡ್‌ನಲ್ಲಿ 49%, ರಾಜಸ್ಥಾನದಲ್ಲಿ 37% ಅಂತ ಅಂದಾಜಿಸಿತ್ತು. 2018ರ ಆಧಾರ್ ತೀರ್ಪಿನ ಭಿನ್ನಮತದಲ್ಲೂ ಈ ಅಂಕಿಗಳ ಪ್ರಸ್ತಾಪ ಇದೆ. ಆದರೆ ಆ ಒಂದು ಅಂಕಿಯೊಳಗೆ ಬೆರಳಿನ ಪಾಲೆಷ್ಟು, ಟವರ್‌ನ ಪಾಲೆಷ್ಟು, ಸರ್ವರ್‌ನ ಪಾಲೆಷ್ಟು? ಬಿಡಿಸಿ ಹೇಳದಿದ್ದರೆ ಯಾರನ್ನೂ ಹೊಣೆ ಮಾಡೋಕಾಗಲ್ಲ. ಹೊಣೆ ಕೊನೆಗೆ ಅಜ್ಜಿಯ ಬೆರಳಿನ ಮೇಲೇ ಬೀಳುತ್ತೆ.

ಇನ್ನು ಕ್ಲೌಡ್ ಅಂದರೆ ಬಹಳ ದೊಡ್ಡದೇನಲ್ಲ: ಸ್ವಂತ ಕಂಪ್ಯೂಟರ್ ಇಟ್ಟುಕೊಳ್ಳುವ ಬದಲು, ಬೇರೆ ಕಡೆ ಇರುವ ಸಾವಿರಾರು ಯಂತ್ರಗಳಲ್ಲಿ ಬೇಕಾದಷ್ಟನ್ನು ಬೇಕಾದಾಗ ಬಾಡಿಗೆಗೆ ತಗೊಳ್ಳೋದು. ಕೇಂದ್ರ ಸರ್ಕಾರದ ‘ಮೇಘರಾಜ್’ ಯೋಜನೆಯಡಿ ಎನ್‌ಐಸಿಯ ರಾಷ್ಟ್ರೀಯ ಕ್ಲೌಡ್ ಶುರುವಾಗಿದ್ದು 2014ರಲ್ಲಿ. ಈ ವ್ಯವಸ್ಥೆಯ ಒಂದು ಗುಣ ಏನಂದ್ರೆ, ಯಂತ್ರದ ಸ್ಥಿತಿಗತಿಯ ಅಂಕಿಗಳು ಬಾಡಿಗೆಯ ಜೊತೆಗೇ ಬರ್ತಾವೆ. ಅಮೆಜಾನ್‌ನ ಬಾಡಿಗೆ ಯಂತ್ರಗಳಲ್ಲಿ ಏನೂ ಹೆಚ್ಚುವರಿ ಕೇಳದಿದ್ದರೂ 5 ನಿಮಿಷಕ್ಕೊಮ್ಮೆ ಅಳತೆ ಸಿಗುತ್ತೆ, ಸ್ವಲ್ಪ ದುಡ್ಡು ಕೊಟ್ಟರೆ ನಿಮಿಷಕ್ಕೊಮ್ಮೆ. ಪ್ರೊಮಿಥಿಯಸ್, ಗ್ರಾಫಾನಾದಂಥ ತಂತ್ರಾಂಶಗಳು ಪುಕ್ಕಟೆಯಾಗೇ ಸಿಗ್ತಾವೆ. ‘ನಮ್ಮತ್ರ ಲೆಕ್ಕ ಇಲ್ಲ’ ಅನ್ನೋ ಮಾತು ಇವತ್ತು ನಡೆಯಲ್ಲ.

ಸರಾಸರಿ ಅನ್ನೋ ಮೋಸ

ಗೂಗಲ್‌ನ ಎಂಜಿನಿಯರ್‌ಗಳು 2016ರಲ್ಲಿ ತಂದ ಪುಸ್ತಕವೊಂದರಲ್ಲಿ, ಏನೂ ಅಳೆಯೋಕಾಗದಿದ್ದರೆ ಈ ನಾಲ್ಕನ್ನಾದರೂ ಅಳೀರಿ ಅಂದರು: ಉತ್ತರ ಬರಲು ಹಿಡಿಯುವ ಸಮಯ, ಬರುತ್ತಿರುವ ವಿನಂತಿಗಳ ಸಂಖ್ಯೆ, ತಪ್ಪುಗಳ ಪ್ರಮಾಣ, ಮತ್ತು ಯಂತ್ರ ಎಷ್ಟು ತುಂಬಿದೆ ಅನ್ನೋದು. ರೇಷನ್ ಅಂಗಡಿಯ ಸಾಲಿಗೆ ಹೋಲಿಸಿದರೆ: ಒಬ್ಬರಿಗೆ ಎಷ್ಟು ಹೊತ್ತು ಹಿಡೀತು, ಸಾಲು ಎಷ್ಟುದ್ದ, ಎಷ್ಟು ಜನ ಬರಿಗೈಲಿ ಹೋದರು, ಅಂಗಡಿಯವನಿಗೆ ಉಸಿರಾಡಲು ಪುರುಸೊತ್ತಿದೆಯಾ.

ಮೊದಲನೆಯದರಲ್ಲೇ ಆಟ ಇರೋದು. 100 ಜನರ ಪೈಕಿ 95 ಜನರಿಗೆ 1 ಸೆಕೆಂಡಿನಲ್ಲಿ ಉತ್ತರ ಬಂತು, ಉಳಿದ 5 ಜನರಿಗೆ 60 ಸೆಕೆಂಡ್ ಹಿಡೀತು ಅಂದುಕೊಳ್ಳಿ. ಸರಾಸರಿ ತೆಗೆದರೆ ಸುಮಾರು 4 ಸೆಕೆಂಡ್. ಸಭೆಯಲ್ಲಿ ಮಂತ್ರಿಗೆ ತೋರಿಸಲು ಚೆಂದದ ಅಂಕಿ. ಆದರೆ ಅಲ್ಲಿ 4 ಸೆಕೆಂಡ್ ಕಾದ ಮನುಷ್ಯ ಒಬ್ಬನೂ ಇಲ್ಲ! ಬಹುಪಾಲು ಜನ 1 ಸೆಕೆಂಡ್ ಕಾದರು, ಕೆಲವರು ಇಡೀ ನಿಮಿಷ ಕಾದರು. ಅದಕ್ಕೇ ನಮ್ಮ ವೃತ್ತಿಯಲ್ಲಿ ಸರಾಸರಿಯನ್ನು ಯಾರೂ ನಂಬಲ್ಲ. ಎಲ್ಲರನ್ನೂ ಬೇಗದಿಂದ ತಡದವರೆಗೆ ಸಾಲಾಗಿ ನಿಲ್ಲಿಸಿ, 99ನೆಯವರು ಎಷ್ಟು ಕಾದರು ಅಂತ ಕೇಳ್ತೀವಿ. ಇದಕ್ಕೆ ಪರ್ಸೆಂಟೈಲ್ ಅಂತಾರೆ. ಇಲ್ಲಿ ಉತ್ತರ 60 ಸೆಕೆಂಡ್.

ಆ ಕೊನೆಯ 5 ಜನ ಯಾರು ಅನ್ನೋದು ಕಾಕತಾಳೀಯ ಅಲ್ಲ. ಗಡಿಭಾಗದ ದುರ್ಬಲ ಸಿಗ್ನಲ್, ಹಳೇ ಯಂತ್ರ, ಕೆಲಸ ಮಾಡಿ ಸವೆದ ಬೆರಳು ಇರುವವರೇ ಸಾಲಿನ ಬಾಲದಲ್ಲಿ ಸೇರ್ತಾರೆ. ಇನ್ನೂ ಕೆಟ್ಟದ್ದು ಏನಂದ್ರೆ, ಟವರ್‌ನಿಂದ ಮುಂದಕ್ಕೇ ಹೋಗದ ವಿನಂತಿ ಸರ್ವರ್‌ನ ಲೆಕ್ಕದಲ್ಲಿ ಇರುವುದೇ ಇಲ್ಲ. ಬಾಗಿಲಿಗೆ ಬರದವರನ್ನು ಬಾಗಿಲು ಕಾಯೋನು ಎಣಿಸೋದು ಹೇಗೆ? ಬೆಂಗಳೂರಿನ ಡ್ಯಾಶ್‌ಬೋರ್ಡ್ ಹಸಿರಾಗಿರುತ್ತೆ, ಇಲ್ಲಿ ಅಜ್ಜಿ ಬರಿಗೈಲಿ ಹೋಗಿರ್ತಾಳೆ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಶೇಕಡಾವಾರು ಭರವಸೆಗಳದ್ದೂ ಇದೇ ಕತೆ. ಗುತ್ತಿಗೆಯಲ್ಲಿ ‘99% ಸಮಯ ಸೇವೆ ಲಭ್ಯ’ ಅಂತ ಬರೆದರೆ ಕೇಳಲು ಡಿಸ್ಟಿಂಕ್ಷನ್ ತರಹ ಇರುತ್ತೆ. 30 ದಿನದ ತಿಂಗಳಿನ 1% ಅಂದರೆ 7 ಗಂಟೆ 12 ನಿಮಿಷ, ಹೆಚ್ಚುಕಮ್ಮಿ ಒಂದು ಪೂರ್ತಿ ಕಚೇರಿ ದಿನ. ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುವ ಗುತ್ತಿಗೆಯಾದರೆ ಸುಮಾರು 21 ಗಂಟೆ, ಅಂದರೆ ಸತತ ಮೂರು ಕಚೇರಿ ದಿನ ಬಂದ್ ಆದರೂ ಕಂಪನಿ ಪಾಸ್. 99.9% ಅಂದರೆ ತಿಂಗಳಿಗೆ 43 ನಿಮಿಷ. ದಶಮಾಂಶದ ಆಚೆಯ ಒಂದು 9ರ ಬೆಲೆ ಇಷ್ಟು. ಆ 7 ಗಂಟೆ ನಡುರಾತ್ರಿ ಬಿದ್ದರೆ ಯಾರಿಗೂ ಗೊತ್ತಾಗಲ್ಲ. ರೇಷನ್ ಹಂಚುವ ದಿನವೇ ಬಿದ್ದರೆ ಒಂದೂರಿನ ಕೂಲಿ ಹೋಗುತ್ತೆ.

ಆಸ್ಪತ್ರೆಯೊಳಗೇ ಥರ್ಮಾಮೀಟರ್

2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಎಂಬ ಸಂಗ್ರಹ ಸೇವೆ ಅಮೆರಿಕದಲ್ಲಿ ಕುಸಿದುಬಿತ್ತು. ನಿರ್ವಹಣೆಯ ವೇಳೆ ಸಿಬ್ಬಂದಿಯೊಬ್ಬರು ಕೊಟ್ಟ ಆದೇಶದಲ್ಲಿ ಒಂದು ತಪ್ಪು ಇದ್ದದ್ದೇ ಕಾರಣ. ತಮಾಷೆ ಅಂದ್ರೆ, ‘ನಮ್ಮ ಸೇವೆ ಸರಿಯಿಲ್ಲ’ ಅಂತ ಜನರಿಗೆ ತಿಳಿಸಬೇಕಿದ್ದ ಸ್ಥಿತಿಪುಟವೂ ಅದೇ ಎಸ್3 ಮೇಲೆ ಅವಲಂಬಿತವಾಗಿತ್ತು. ಹಾಗಾಗಿ ಪುಟವನ್ನು ಅಪ್‌ಡೇಟ್ ಮಾಡೋಕೇ ಆಗಲಿಲ್ಲ. ರೋಗಿಯೇ ಥರ್ಮಾಮೀಟರ್ ನುಂಗಿದ ಹಾಗೆ.

ಅಮೆಜಾನ್ ಆಮೇಲೆ ಮಾಡಿದ್ದನ್ನು ನಮ್ಮ ಸರ್ಕಾರಗಳು ಕಲಿಯಬೇಕು. ಏನಾಯ್ತು, ಎಷ್ಟು ಗಂಟೆಗೆ, ಯಾಕೆ, ಮುಂದೆ ಏನು ಬದಲಿಸ್ತೀವಿ ಅಂತ ಬರೆದು ಪ್ರಕಟಿಸಿತು. 2025ರ ಅಕ್ಟೋಬರ್ 20ರಂದು ಮತ್ತೆ ದೊಡ್ಡ ಕುಸಿತ ಆದಾಗಲೂ ಅದೇ ಮಾಡಿತು. ಬಂಡವಾಳಶಾಹಿ ಕಂಪನಿಗೆ ನಾನೇನೂ ಸರ್ಟಿಫಿಕೇಟ್ ಕೊಡ್ತಿಲ್ಲ. ಗಿರಾಕಿ ಬಿಟ್ಟು ಹೋಗ್ತಾನೆ ಅನ್ನೋ ಭಯ ಅವರಿಗಿದೆ. ಪಹಣಿ ಬೇಕಾದ ರೈತ ಇನ್ನೊಂದು ಸರ್ಕಾರಕ್ಕೆ ಹೋಗೋಕಾಗಲ್ಲ.

ನಮ್ಮಲ್ಲಿ ಏನಾಗುತ್ತೆ ನೋಡಿ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾಸಿಂಧು ಏದುಸಿರು ಬಿಟ್ಟಿತು. ಮುಂದಿನ ತಿಂಗಳು ಗೃಹಲಕ್ಷ್ಮಿಗೆ ಒಬ್ಬೊಬ್ಬರಿಗೂ ದಿನ, ಸಮಯ ನಿಗದಿ ಮಾಡಿ ಎಸ್‌ಎಂಎಸ್ ಕಳಿಸಿ ಸಾಲು ಹಂಚಿದರು. ಅದು ಒಳ್ಳೇ ಎಂಜಿನಿಯರಿಂಗ್, ಒಪ್ಪಬೇಕು. 2025ರ ಆರಂಭದಲ್ಲಿ ಕಾವೇರಿ 2.0 ಪೋರ್ಟಲ್ ದಿನಗಟ್ಟಲೆ ಕುಂಟಿ, ರಾಜ್ಯದಾದ್ಯಂತ ಆಸ್ತಿ ನೋಂದಣಿ ಅಸ್ತವ್ಯಸ್ತವಾಯ್ತು. ಮೊದಲಿಗೆ ಜನ ಅಂದುಕೊಂಡಿದ್ದು ಮಾಮೂಲಿ ಸರ್ವರ್ ಡೌನ್ ಅಂತಲೇ. ಆಮೇಲೆ ಹೊರಬಂದ ವಿವರದ ಪ್ರಕಾರ ಅದು ದಾಳಿ: 62 ಇಮೇಲ್ ಖಾತೆ, 14 ಐಪಿ ವಿಳಾಸಗಳಿಂದ ಎರಡು ಗಂಟೆಯಲ್ಲಿ 6.2 ಲಕ್ಷ ನಕಲಿ ವಿನಂತಿಗಳು. ಹದಿನಾಲ್ಕೇ ವಿಳಾಸಗಳಿಂದ ಅಷ್ಟೊಂದು ವಿನಂತಿ ಬರೋದು ನಿಮಿಷ ನಿಮಿಷದ ಗ್ರಾಫಿನಲ್ಲಿ ಕೈಕಂಬದ ಹಾಗೆ ಎದ್ದು ಕಾಣುತ್ತೆ. ಹಾಗಿದ್ದರೆ ಎಚ್ಚರಿಕೆ ಗಂಟೆ ಎಷ್ಟು ಹೊತ್ತಿಗೆ ಹೊಡೀತು, ಯಾರು ಎದ್ದರು? ಇಂಥ ಪ್ರಶ್ನೆಗೆ ಉತ್ತರ ಸಾರ್ವಜನಿಕರ ಆಸ್ತಿ ಅಂತ ನಾನು ಭಾವಿಸ್ತೀನಿ.

ಔರಾದ್‌ನಲ್ಲಿ ಶುರುವಾದ ಗಡಿಯಾರ

ಇದೇ ಬೀದರ್ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಇತಿಹಾಸ ಇದೆ. ಸರ್ಕಾರಿ ಸೇವೆಗೆ ದಿನ ಎಣಿಸುವ ‘ಸಕಾಲ’ ಯೋಜನೆ ಇಡೀ ರಾಜ್ಯಕ್ಕೆ ಬಂದಿದ್ದು 2012ರ ಏಪ್ರಿಲ್ 2ರಂದು. ಅದಕ್ಕೂ ಮೊದಲು ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ನಡೀತು; ಅದರಲ್ಲೊಂದು ನಮ್ಮ ಔರಾದ್. ಅರ್ಜಿ ಕೊಟ್ಟರೆ ಒಂದು ಸಂಖ್ಯೆ ಸಿಗುತ್ತೆ, ಗಡಿಯಾರ ಓಡಲು ಶುರು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ಅಧಿಕಾರಿಯ ಜೇಬಿನಿಂದ. ಆಗಿನ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಆದರೆ ಇಲ್ಲೊಂದು ತೂತು ಉಳಿದಿದೆ. ಆ ಸಂಖ್ಯೆ ಹುಟ್ಟೋದು ಕಂಪ್ಯೂಟರ್‌ನಲ್ಲಿ. ಸರ್ವರ್ ಡೌನ್ ಇದ್ದರೆ ಅರ್ಜಿಯೇ ದಾಖಲಾಗಲ್ಲ, ಸಂಖ್ಯೆ ಹುಟ್ಟಲ್ಲ, ಗಡಿಯಾರ ಓಡಲ್ಲ. ಮೂರು ದಿನ ಅಲೆದು ನಾಲ್ಕನೇ ದಿನ ಅರ್ಜಿ ಕೊಟ್ಟವನ ಲೆಕ್ಕ ಶುರುವಾಗೋದು ನಾಲ್ಕನೇ ದಿನದಿಂದ. ಗುಮಾಸ್ತನ ತಡ ಕಾಣುತ್ತೆ, ಯಂತ್ರದ ತಡ ಕಾಣಲ್ಲ. ಇನ್ನು ಸೇವೆ ನಿಂತದ್ದಕ್ಕೆ ಕ್ಲೌಡ್ ಕಂಪನಿ ಬಿಲ್‌ನಲ್ಲಿ ರಿಯಾಯಿತಿ ಕೊಟ್ಟರೂ ಅದು ಬಾಡಿಗೆದಾರನಿಗೆ ಹೋಗುತ್ತೆ, ಸಾಲಲ್ಲಿ ನಿಂತವಳಿಗಲ್ಲ.

ಇದೇ ಪ್ರಭುತ್ವ ಕೂಲಿಕಾರರನ್ನು ಅಳೆಯುವಾಗ ಮಾತ್ರ ಎಷ್ಟು ಕಟ್ಟುನಿಟ್ಟು! 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸದ ಹಾಜರಾತಿಗೆ ದಿನಕ್ಕೆ ಎರಡು ಸಲ, ಸ್ಥಳದ ಗುರುತು ಸಹಿತ ಫೋಟೊ ಆ್ಯಪ್‌ನಲ್ಲಿ ಕಡ್ಡಾಯವಾಯ್ತು. ಫೋಟೊ ಅಪ್‌ಲೋಡ್ ಆಗದಿದ್ದರೆ ಕೂಲಿಗೆ ಕುತ್ತು. ಅಗೆದ ಮಣ್ಣು ಕಣ್ಣೆದುರೇ ಇದ್ದರೂ ಸರ್ವರ್ ಹೇಳಿದ್ದೇ ಸಾಕ್ಷಿ. ಆ ಸರ್ವರ್‌ನ ಹಾಜರಾತಿ ಪುಸ್ತಕ ಎಲ್ಲಿದೆ?

‘ಇದೆಲ್ಲಾ ಪ್ರಕಟಿಸೋಕಾಗಲ್ಲ, ಭದ್ರತೆಯ ವಿಷಯ’ ಅಂತ ಹೇಳಬಹುದು. ಯುಪಿಐ ನಡೆಸುವ ಎನ್‌ಪಿಸಿಐ ನೋಡಿ: ಯಾವ ಬ್ಯಾಂಕಿನಲ್ಲಿ ತಾಂತ್ರಿಕ ಕಾರಣಕ್ಕೆ ಎಷ್ಟು ಶೇಕಡಾ ವಹಿವಾಟು ವಿಫಲವಾಯ್ತು ಅಂತ ಬ್ಯಾಂಕ್‌ಗಳ ಹೆಸರಿನ ಸಮೇತ ತಿಂಗಳು ತಿಂಗಳು ಹಾಕುತ್ತೆ. ಗಿರಾಕಿಯ ತಪ್ಪಿನಿಂದಾದ ವಿಫಲತೆ ಬೇರೆ, ಯಂತ್ರದ ವಿಫಲತೆ ಬೇರೆ ಅಂತ ವಿಂಗಡಿಸಿಯೇ ಹಾಕುತ್ತೆ. ಹಣಕ್ಕೆ ಆಗುವುದು ಅಕ್ಕಿಗೆ ಯಾಕಾಗಲ್ಲ?

ಬೇಕಾಗಿರೋದು ರಾಕೆಟ್ ವಿಜ್ಞಾನ ಅಲ್ಲ. ಪ್ರತಿ ಸೇವೆಗೂ ಒಂದು ಸಾರ್ವಜನಿಕ ಸ್ಥಿತಿಪುಟ, ಅದೂ ಸೇವೆ ಓಡುವ ಸರ್ವರ್‌ನಿಂದ ಹೊರಗೆ. ಕಚೇರಿ ವೇಳೆಯಲ್ಲಿನ ಲಭ್ಯತೆಯ ಲೆಕ್ಕ ಪ್ರತ್ಯೇಕವಾಗಿ. ಬೆಂಗಳೂರಿನ ಬದಲು ಹೋಬಳಿಯ ಕಚೇರಿಯಲ್ಲಿ, ಹೋಬಳಿಯ ಸಿಮ್ ಹಾಕಿದ ಒಂದು ಸಣ್ಣ ಯಂತ್ರ 5 ನಿಮಿಷಕ್ಕೊಮ್ಮೆ ‘ಸೇವೆ ಸಿಗ್ತಿದೆಯಾ’ ಅಂತ ಪರೀಕ್ಷಿಸಿ ಬರೆದಿಡಬೇಕು. ಹಳೇ ಮೊಬೈಲ್ ಫೋನೇ ಸಾಕು ಇದಕ್ಕೆ. ಆಗ ಸಾಯಗಾಂವದ ಗ್ರಾಫನ್ನೂ ಜಯನಗರದ ಗ್ರಾಫನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಹಾಗೇ, ಸರ್ವರ್ ಡೌನ್ ಅಂತ ವಾಪಸ್ ಕಳಿಸುವಾಗ ದಿನಾಂಕ, ಸಮಯ ಬರೆದ ಒಂದು ಚೀಟಿ ಕೊಡಬೇಕು. ಸಕಾಲದ ಗಡಿಯಾರ ಆ ಚೀಟಿಯಿಂದಲೇ ಓಡಬೇಕು.

ಇವೆಲ್ಲಾ ಬರುವವರೆಗೆ ಮಾಹಿತಿ ಹಕ್ಕು ಇದೆ. ಕೇಳಬೇಕಾದದ್ದು ಇಷ್ಟು: ಈ ಸೇವೆಯ ಗುತ್ತಿಗೆಯಲ್ಲಿ ಒಪ್ಪಿದ ಲಭ್ಯತೆಯ ಶೇಕಡಾ ಎಷ್ಟು, ಅದನ್ನು ಎಲ್ಲಿಂದ ಅಳೀತಾರೆ, ಕಳೆದ 12 ತಿಂಗಳಲ್ಲಿ ತಿಂಗಳುವಾರು ಎಷ್ಟು ನಿಮಿಷ ನಿಂತಿತ್ತು, ತಪ್ಪಿದ್ದಕ್ಕೆ ಎಷ್ಟು ದಂಡ ವಸೂಲಾಯ್ತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಈ ನಾಲ್ಕೂ ಪ್ರಶ್ನೆ ಆರಾಮಾಗಿ ಅದರೊಳಗೆ ಬರ್ತಾವೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಆನ್‌ಲೈನ್ ಪೋರ್ಟಲ್ ಇದೆ. ಅದೂ ಡೌನ್ ಇದ್ದರೆ ಪೋಸ್ಟಲ್ ಆರ್ಡರ್ ತಗೊಂಡು ಅಂಚೆಗೆ ಹಾಕಿ, ರಸೀದಿ ಇಟ್ಕೊಳ್ಳಿ.