ಓಟದಲ್ಲಿ ಹೆಜ್ಜೆಯ ಲಯ

ಇಷ್ಟಲಿಂಗ ಪೂಜೆಗೆ ಮುನ್ನ ಓಡುವ ಅಭ್ಯಾಸ ಕೈಗೊಂಡ ಸದ್ಭಕ್ತರಲ್ಲಿ ಕೆಲವರು ಮೊಣಕಾಲು ನೋವೆಂದು ಅದನ್ನು ಕೈಬಿಡುತ್ತಾರೆ. ವಯಸ್ಸನ್ನೋ ಪಾದರಕ್ಷೆಯನ್ನೋ ದೂರುವುದು ವಾಡಿಕೆ. ಹೆಜ್ಜೆಯನ್ನು ಗಮನಿಸುವವರು ವಿರಳ.

ಹೆಜ್ಜೆಯ ಉದ್ದವನ್ನು ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಯಿಂದ ಗುಣಿಸಿದರೆ ದೊರೆಯುವುದೇ ಓಟದ ವೇಗ. ಆತುರದಿಂದ ಕಾಲನ್ನು ಮುಂದೆ ಚಾಚಿದಾಗ ಪಾದವು ದೇಹಕ್ಕಿಂತ ಬಹಳ ಮುಂದೆ ನೆಲವನ್ನು ತಾಗುತ್ತದೆ. ಆಗ ಆ ಕಾಲೇ ಓಟಕ್ಕೆ ತಡೆಯಾಗುತ್ತದೆ. ಆಘಾತವನ್ನು ಮೊಣಕಾಲು ಭರಿಸಬೇಕಾಗುತ್ತದೆ. ವೇಗವನ್ನು ಬದಲಿಸದೆ ಹೆಜ್ಜೆಗಳ ಸಂಖ್ಯೆಯನ್ನು ಶೇಕಡಾ 5ರಿಂದ 10ರಷ್ಟು ಹೆಚ್ಚಿಸಿದರೆ ಹೆಜ್ಜೆ ತಾನಾಗಿ ಕಿರಿದಾಗಿ, ಮೊಣಕಾಲು ಮತ್ತು ಸೊಂಟದ ಕೀಲುಗಳ ಹೊರೆ ಇಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಇದನ್ನು ಅಳೆದು ತೋರಿಸಿದರು.

ನಿಮಿಷಕ್ಕೆ 180 ಹೆಜ್ಜೆಗಳೇ ಆದರ್ಶವೆಂಬ ಮಾತೊಂದು ಪ್ರಚಲಿತವಾಗಿದೆ. ಅದರ ಮೂಲ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ತರಬೇತುದಾರ ಜ್ಯಾಕ್ ಡೇನಿಯಲ್ಸ್ ಮಾಡಿದ ಎಣಿಕೆ. ಸ್ಪರ್ಧೆಯ ವೇಗದಲ್ಲಿದ್ದ ಓಟಗಾರರ ಲೆಕ್ಕವದು. ಎತ್ತರಕ್ಕೂ ವೇಗಕ್ಕೂ ತಕ್ಕಂತೆ ಸಂಖ್ಯೆ ಬದಲಾಗುವುದರಿಂದ, ನಿಧಾನವಾಗಿ ಓಡುವ ಐವತ್ತರ ಗೃಹಸ್ಥರು ಅದಕ್ಕೆ ಜೋತುಬೀಳಬೇಕಿಲ್ಲ.

ಬಲಪಾದವು 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ನೆಲವನ್ನು ತಾಗಿತೆಂದು ಎಣಿಸಿ, 4ರಿಂದ ಗುಣಿಸಿರಿ. 40 ಬಾರಿಯಾದರೆ ನಿಮಿಷಕ್ಕೆ 160 ಹೆಜ್ಜೆ. ಶೇಕಡಾ 5ರಷ್ಟು ಹೆಚ್ಚಿಸಿದರೆ 168. ಲಯ ಹಿಡಿಯಲು ಯಂತ್ರದ ಟಿಕ್‌ಟಿಕ್ ಸದ್ದು ಬೇಕೆಂದೇನಿಲ್ಲ. ಮನದಲ್ಲೇ ಷಡಕ್ಷರ ಮಂತ್ರದ ಅಕ್ಷರಕ್ಕೊಂದು ಹೆಜ್ಜೆಯಿಟ್ಟರೆ, ನಿಮಿಷಕ್ಕೆ 28 ಬಾರಿಯ ಜಪಕ್ಕೆ ಸರಿಯಾಗಿ 168 ಹೆಜ್ಜೆಗಳಾಗುತ್ತವೆ. ಮೊದಲ ವಾರ ಒಂದೆರಡು ನಿಮಿಷ ಮಾತ್ರ ಈ ಲಯದಲ್ಲಿ ಓಡಿ, ಉಳಿದಂತೆ ಎಂದಿನ ಹೆಜ್ಜೆಯಲ್ಲೇ ಸಾಗಿರಿ. ಕೀಲಿನಲ್ಲಿ ಬಾವು ಕಂಡವರು ಓಟವನ್ನು ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.