ಗುಜರಿ ವೈರ್‌ಲೆಸ್‌ನಿಂದ ರಿಪೀಟರ್

2019ರ ಆಗಸ್ಟ್ ನೆನಪೈತಲ್ರೀ? ಮುಧೋಳದಾಗ ಘಟಪ್ರಭಾ ಉಕ್ಕಿದ್ದಳು; ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಕೃಷ್ಣಾ ಉಕ್ಕಿದ್ದಳು. ಅಂಥ ಹೊತ್ತಿನಾಗ ಮೊಬೈಲ್ ಟವರ್ ಕೈಕೊಟ್ಟರ? ಹವ್ಯಾಸಿಗಳ ಹ್ಯಾಮ್ ರೇಡಿಯೋ ಐತಿ.

ಆದರ 5 ವ್ಯಾಟ್ ವಾಕಿಟಾಕಿ ಮಾತು ಕಬ್ಬಿನ ಹೊಲ, ಗುಡ್ಡ ದಾಟಿ ಬೀಳಗಿಗೆ ಮುಟ್ಟೂದು ಕಷ್ಟ. ಅದಕ್ಕ ಎತ್ತರದಾಗ ಒಂದು ರಿಪೀಟರ್ ಬೇಕು. ಅದು, ಉದಾಹರಣೆಗೆ, 145.025 ಮೆಗಾಹರ್ಟ್ಸ್‌ನಾಗ ಕೇಳತೈತಿ, ಅದೇ ಕ್ಷಣ 145.625ರಾಗ ಜೋರಾಗಿ ಹೇಳತೈತಿ.

ಹೊಸಾದು ತುಟ್ಟಿ. ಹಳೇ ಟ್ಯಾಕ್ಸಿ ವೈರ್‌ಲೆಸ್ ಸೆಟ್ ಎರಡು ಸಿಕ್ಕರ ಸಾಕು: ಒಂದು ಕಿವಿ, ಒಂದು ಬಾಯಿ. ನಡುವ ಸಣ್ಣ ಕಂಟ್ರೋಲರ್ ಬೋರ್ಡ್.

ಖರೆ ತಲೆನೋವು ಇಲ್ಲೈತಿ. ಆ ಬಾಯಿಯ ಗದ್ದಲಕ್ಕ ಪಕ್ಕದ ಕಿವಿ ಕಿವುಡಾಗತೈತಿ. ಅದನ್ನ ತಡಿಯಾಕ ಡ್ಯುಪ್ಲೆಕ್ಸರ್, ಅಂದರ ಮೊಳದುದ್ದದ ಲೋಹದ ಡಬ್ಬಿಗಳ ಸಾಲು. ಗುಜರಿಯಾಗ ಸಿಕ್ಕರೂ ನಮ್ಮ ತರಂಗಾಂತರಕ್ಕ ಮತ್ತ ಟ್ಯೂನ್ ಮಾಡಬೇಕು. ಇದರಾಗ ಅವಸರ ನಡಿಯಂಗಿಲ್ಲ.

ಮೊದಲ ಪರೀಕ್ಷೆಗೆ ಆಂಟೆನಾ ಬ್ಯಾಡ, 50 ಓಮ್ ಡಮ್ಮಿ ಲೋಡ್ ಹಚ್ಚರಿ. ಆಮ್ಯಾಲ ಆಂಟೆನಾ ಹಾಕಿ, ದೂರದಿಂದ ಬರೋ ಸಣ್ಣ ಸಿಗ್ನಲ್ ಕೇಳರಿ. ಟ್ರಾನ್ಸ್‌ಮಿಟರ್ ಶುರು ಆದ ಕೂಡಲೇ ಗೊರಗೊರ ಹೆಚ್ಚಾತಂದ್ರ ಡ್ಯುಪ್ಲೆಕ್ಸರ್ ಇನ್ನೂ ಸರಿ ಆಗಿಲ್ಲ.

ಟ್ಯಾಕ್ಸಿ ಸೆಟ್ ಇರೂದು ಎರಡು ಮಾತಾಡಿ ಬಿಡಾಕ. ತಾಸುಗಟ್ಟಲೆ ಓಡಿಸಿದರ ಸುಡತೈತಿ. ಪವರ್ ಅರ್ಧಕ್ಕ ಇಳಿಸಿ, ಫ್ಯಾನ್ ಕೂಡಿಸರಿ. ಕರೆಂಟ್ ಹೋದರ ಅಂತ 12 ವೋಲ್ಟ್ ಬ್ಯಾಟರಿ ಇರಲಿ.

ಹಾಂ, ಪರವಾನಗಿ ಇಲ್ಲದೇ ಮಾತಾಡೋ ಒತ್ತುಗುಂಡಿ ಮುಟ್ಟಬ್ಯಾಡ್ರಿ. ಮೊದಲ ಹ್ಯಾಮ್ ಪರೀಕ್ಷೆ ಬರೀರಿ, ಗುಜರಿ ಅಂಗಡಿಗೆ ಆಮ್ಯಾಲ ಹೋಗರಿ.