ಎಷ್ಟು ಜನ ಮಲಗಬಹುದು ಅಂತ ಕೇಳುವ ಮೊದಲು

ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಮಕ್ಕಳಿಗೆ ಬೇಸಿಗೆ ರಜೆ. ಎರಡು ವರ್ಷದ ಹಿಂದೆ ಅಂಥದ್ದೊಂದು ರಜೆಯಲ್ಲಿ ನಾವು ಮೊದಲ ಸಲ ಕ್ಯಾರವಾನ್ ಬಾಡಿಗೆಗೆ ಹಿಡಿದೆವು. ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ ಅದು. ಮೆಲ್ಬರ್ನ್‌ನಿಂದ ಗ್ರೇಟ್ ಓಷನ್ ರೋಡ್ ಹಿಡಿದು ವಾರ್ನಂಬೂಲ್‌ವರೆಗೆ ಹೋಗುವುದು ಅಂತ ಲೆಕ್ಕ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಹತ್ತು ತಿಂಗಳ ಕೂಸು.

ಸುದ್ದಿ ಕೇಳಿ ಊರಿನಿಂದ ಉಮ್ಮ ಫೋನಿನಲ್ಲಿ, "ಒಳ್ಳೇದಾಯ್ತು. ಮಕ್ಕಳು ಹಿಂದೆ ಮಲಗಿಕೊಂಡೇ ಬರಬಹುದಲ್ವಾ?" ಅಂದರು.

ಅದೇ ಆಗುವುದಿಲ್ಲ. ಎಳೆದೊಯ್ಯುತ್ತಿರುವ ಕ್ಯಾರವಾನ್ ಒಳಗೆ ಯಾರೂ ಇರುವಂತಿಲ್ಲ, ಕಾನೂನೇ ಬಿಡುವುದಿಲ್ಲ. ಎಲ್ಲರೂ ಕಾರಿನಲ್ಲೇ ಬೆಲ್ಟ್ ಹಾಕಿ ಕೂರಬೇಕು. ಏಳು ವರ್ಷ ತುಂಬದ ಮಕ್ಕಳಿಗೆ ವಯಸ್ಸಿಗೆ ತಕ್ಕ ಚೈಲ್ಡ್ ಸೀಟ್ ಕಡ್ಡಾಯ. ಹಾಗಾಗಿ ಕ್ಯಾರವಾನ್ ಆರಿಸುವ ಕೆಲಸ ಶುರುವಾಗುವುದು ಕಾರಿನ ಹಿಂದಿನ ಸೀಟಿನಿಂದ. ಮೂರು ಮಕ್ಕಳು ಅಲ್ಲಿ ಅಗಲಕ್ಕೆ ಹಿಡಿಸುತ್ತಾರಾ ಅಂತ ಮೊದಲು ನೋಡಬೇಕು.

ನಾವು ಇದನ್ನು ನೋಡಿದ್ದೆವು. ತಪ್ಪಿದ್ದು ಬೇರೆ ಕಡೆ. "ಐದು ಜನ ಮಲಗಬಹುದು" ಅಂತ ಬರೆದಿತ್ತು, ಬಾಡಿಗೆ ಕಮ್ಮಿ ಇತ್ತು, ಒಪ್ಪಿಕೊಂಡೆವು. ಆದರೆ ಆ ಐದರಲ್ಲಿ ಎರಡು ಹಾಸಿಗೆ ಹಗಲು ಊಟದ ಮೇಜು. ರಾತ್ರಿ ಮೇಜು ಇಳಿಸಿ, ಕುಶನ್ ಜೋಡಿಸಿದರೆ ಮಾತ್ರ ಹಾಸಿಗೆ. ನಾಲ್ಕು ವರ್ಷದವನಿಗೆ ಏಳು ಗಂಟೆಗೇ ನಿದ್ದೆ. ಅವನು ಮಲಗಬೇಕಾದರೆ ನಮ್ಮ ಊಟ ಮುಗಿದಿರಬೇಕು, ಪಾತ್ರೆ ಎತ್ತಿರಬೇಕು. ಅವನು ಮಲಗಿದ ಮೇಲೆ ನಮಗೆ ಕೂರಲು ಜಾಗವೇ ಇಲ್ಲ. ಕೂಸಿನ ಮಡಚುವ ತೊಟ್ಟಿಲು ಇಟ್ಟದ್ದು ನಡೆದಾಡುವ ದಾರಿಯಲ್ಲಿ. ರಾತ್ರಿ ಯಾರು ಟಾಯ್ಲೆಟ್‌ಗೆ ಎದ್ದರೂ ತೊಟ್ಟಿಲು ದಾಟಬೇಕು, ಕೂಸು ಏಳುತ್ತದೆ, ಕೂಸು ಅತ್ತರೆ ಎಲ್ಲರೂ ಏಳುತ್ತಾರೆ.

ನಾಲ್ಕು ರಾತ್ರಿ ಹೀಗೇ ಕಳೆಯಿತು. ಐದನೇ ದಿನ ಪ್ರಿನ್ಸಸ್ ಹೈವೇ ಹಿಡಿದು ವಾಪಸು ಬರುವಾಗ, ಕೊಲಾಕ್ ಊರು ಇನ್ನೂ ಸಿಕ್ಕಿರಲಿಲ್ಲ, ಸ್ಟಿಯರಿಂಗ್ ಹಿಡಿದವರ ಕಣ್ಣು ಒಂದು ಗಳಿಗೆ ಮುಚ್ಚಿತು. ರಸ್ತೆಯಂಚಿನ ಉಬ್ಬುಗೆರೆಗೆ ಟೈರ್ ತಾಗಿ ಗರ್ರ್ ಅಂತ ಸದ್ದಾಗದಿದ್ದರೆ ಏನಾಗುತ್ತಿತ್ತೋ, ಅಲ್ಲಾಹನೇ ಕಾಪಾಡಿದ. ಕಾರು ನಿಲ್ಲಿಸಿ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹಿಂದೆ ಮೂವರೂ ಗಾಢ ನಿದ್ದೆಯಲ್ಲಿದ್ದರು.

ಅವತ್ತು ನಮಗೆ ಗೊತ್ತಾಯಿತು: ಕ್ಯಾರವಾನ್ ಒಳಗಿನ ವಿನ್ಯಾಸ ಅಂದರೆ ಬರೀ ಸೌಕರ್ಯದ ಮಾತಲ್ಲ. ಮರುದಿನ ಗಾಡಿ ಓಡಿಸುವವರಿಗೆ ನಿದ್ದೆ ಸಿಗುತ್ತದಾ ಇಲ್ಲವಾ ಅನ್ನುವ ಮಾತು.

ಕಳೆದ ರಜೆಯಲ್ಲಿ ಮತ್ತೆ ಹೊರಟಾಗ ನಾವು ನೋಡಿದ ರೀತಿಯೇ ಬೇರೆ. ಮೊದಲನೆಯದು, ಬಿಚ್ಚಿ ಕಟ್ಟುವ ಕೆಲಸವಿಲ್ಲದ ಕಾಯಂ ಹಾಸಿಗೆ. ಹಿಂಭಾಗದಲ್ಲಿ ಮಕ್ಕಳಿಗೆ ಒಂದರ ಮೇಲೊಂದು ಎರಡು ಬಂಕ್, ಮುಂಭಾಗದಲ್ಲಿ ನಮ್ಮ ಮಂಚ, ನಡುವೆ ಅಡುಗೆ ಮತ್ತು ಮೇಜು. ಮತ್ಸ್ಯಗಂಧ ರೈಲಿನಲ್ಲಿ ಅಪ್ಪರ್ ಬರ್ತ್‌ಗೆ ಜಗಳ ಆಗುವ ಹಾಗೆ ಇಲ್ಲೂ ಆಯಿತು. ಆದರೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಮೇಲಿನ ಬಂಕ್‌ನಲ್ಲಿ ಮಲಗಿಸಬಾರದು ಅಂತ ಇಲ್ಲಿನ ಸುರಕ್ಷತಾ ಸಲಹೆ ಇದೆ. ಮೇಲಿನದು ಮಗಳಿಗೆ, ಕೆಳಗಿನದು ಮಗನಿಗೆ. ಬೀಳದಂತೆ ಅಡ್ಡಪಟ್ಟಿ ಗಟ್ಟಿ ಇದೆಯಾ ಅಂತ ಕೈಯಿಂದ ಅಲ್ಲಾಡಿಸಿ ನೋಡಿದೆವು.

ಎರಡನೆಯದು, ಟಾಯ್ಲೆಟ್ ಬಂಕ್‌ನ ಪಕ್ಕದಲ್ಲೇ ಇರಬೇಕು. ಮಕ್ಕಳು ರಾತ್ರಿ ಎದ್ದರೆ ನಮ್ಮ ಮಂಚದವರೆಗೆ ಬರಬೇಕಾಗಿಲ್ಲ. ಮೂರನೆಯದು, ದೊಡ್ಡವರ ಮಂಚಕ್ಕೆ ಎರಡೂ ಬದಿಯಿಂದ ಇಳಿಯುವ ದಾರಿ. ಅಡ್ಡಲಾಗಿ ಗೋಡೆಗೆ ತಾಗಿಸಿದ ಮಂಚವಾದರೆ ಒಳಗೆ ಮಲಗಿದವರು ಹಾಲೂಡಿಸಲು ಏಳುವಾಗ ಇನ್ನೊಬ್ಬರ ಮೇಲೆ ಹತ್ತಿಯೇ ಇಳಿಯಬೇಕು. ನಾಲ್ಕನೆಯದು, ಚಿಕ್ಕವಳ ತೊಟ್ಟಿಲು. ಅದನ್ನು ನೋಡಲು ಹೋಗುವಾಗಲೇ ಹೊತ್ತುಕೊಂಡು ಹೋಗಿದ್ದೆವು. ಬಿಚ್ಚಿಟ್ಟು ನೋಡಿದರೆ ಎರಡು ಕ್ಯಾರವಾನ್ ಅಲ್ಲೇ ಪಟ್ಟಿಯಿಂದ ಹೋದವು.

ಅಡುಗೆಯ ಜಾಗವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಾರಿಯಲ್ಲಿ ಸಣ್ಣ ಸಣ್ಣ ಊರು, ಹಲಾಲ್ ಮಾಂಸ ಎಲ್ಲ ಕಡೆ ಸಿಗುವುದಿಲ್ಲ. ಮನೆಯಲ್ಲೇ ಕೋಳಿ ಸಾರು ಮಾಡಿ ಫ್ರೀಜರ್‌ನಲ್ಲಿಟ್ಟು ಒಯ್ಯುವವರು ನಾವು, ಫ್ರಿಜ್ ದೊಡ್ಡದೇ ಬೇಕು. ಒಲೆ ಮಾತ್ರ ಬಾಗಿಲಿನ ಪಕ್ಕ ಬೇಡ. ಮಕ್ಕಳು ಒಳಗೆ ಹೊರಗೆ ಓಡುವ ದಾರಿ ಅದು, ಕುದಿಯುವ ಪಾತ್ರೆಯ ಹಿಡಿ ಅವರ ತಲೆಯ ಮಟ್ಟಕ್ಕೇ ಇರುತ್ತದೆ.

ಹಾಗಂತ ಸಿಕ್ಕಷ್ಟು ದೊಡ್ಡದನ್ನು ಹಿಡಿಯಲಿಕ್ಕೂ ಆಗುವುದಿಲ್ಲ. ಬಂಕ್ ಸೇರಿದರೆ ಉದ್ದ ಹೆಚ್ಚುತ್ತದೆ, ತೂಕವೂ ಹೆಚ್ಚುತ್ತದೆ. ನಮ್ಮ ಕಾರು ಎಷ್ಟು ಎಳೆಯಬಲ್ಲದು ಅನ್ನುವುದಕ್ಕೆ ಮಿತಿ ಇದೆ, ಕ್ಯಾರವಾನ್‌ನಲ್ಲಿ ಎಷ್ಟು ತುಂಬಬಹುದು ಅನ್ನುವುದಕ್ಕೂ ಇದೆ. ನೀರು ಲೀಟರಿಗೆ ಒಂದು ಕಿಲೋ. 95 ಲೀಟರಿನ ಎರಡು ಟ್ಯಾಂಕ್ ತುಂಬಿಸಿದರೆ 190 ಕಿಲೋ ಅಲ್ಲಿಗೇ ಹೋಯಿತು. ಬಂಕ್ ಖಾಲಿ ಕಾಣುತ್ತದೆ ಅಂತ ಹಿಂದೆ ಸೈಕಲ್, ಅಕ್ಕಿ ಮೂಟೆ ಹೇರಿದರೆ ಹೈವೇಯಲ್ಲಿ ಕ್ಯಾರವಾನ್ ಬಾಲ ಬೀಸಿದ ಹಾಗೆ ತೂಗಾಡುತ್ತದೆ. ಭಾರದ ಸಾಮಾನು ಚಕ್ರಗಳ ಮೇಲೆ, ನಡುವಿನಲ್ಲೇ ಇರಬೇಕು.

ಎಂಜಿನ್ ಒಳಗೇ ಇರುವ ಗಾಡಿ ಹಿಡಿಯುವವರಿಗೂ ಒಂದು ಮಾತು. ಬೆಂಗಳೂರಿನಲ್ಲೂ ಈಗ ಅಂಥವು ಬಾಡಿಗೆಗೆ ಸಿಗುತ್ತವೆ. ಅಲ್ಲಿ ಹಾಸಿಗೆ ಬೇರೆ, ಸೀಟು ಬೇರೆ. ಆರು ಜನ ಮಲಗುವ ಗಾಡಿಯಲ್ಲಿ ಮುಂದಕ್ಕೆ ಮುಖ ಮಾಡಿದ, ಬೆಲ್ಟ್ ಇರುವ, ಚೈಲ್ಡ್ ಸೀಟ್ ಕಟ್ಟಬಹುದಾದ ಸೀಟು ಎರಡೇ ಇರಬಹುದು. ಅದನ್ನು ಎಣಿಸಿಯೇ ಮುಂಗಡ ಕೊಡಿ.

ಕಡೆಗೆ, ಫೋಟೋ ನೋಡಿ ಒಪ್ಪಬೇಡಿ. ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ, ಬಾಗಿಲು ಹಾಕಿ ಅರ್ಧ ಗಂಟೆ ಒಳಗೆ ಕೂತು ನೋಡಿ. ಹೊರಗೆ ಮಳೆ ಅಂದುಕೊಳ್ಳಿ. ಒಬ್ಬರು ಅಡುಗೆಗೆ ನಿಲ್ಲಿ, ಒಬ್ಬರನ್ನು ಮಲಗಿಸಿ, ಒಬ್ಬರನ್ನು ಟಾಯ್ಲೆಟ್‌ಗೆ ಕಳಿಸಿ. ಯಾರೂ ಯಾರನ್ನೂ ದಾಟದೆ ಇದಿಷ್ಟು ಆಯಿತಾ, ಅದೇ ನಿಮ್ಮ ಕ್ಯಾರವಾನ್.

ಈ ಸಲ ವಾಪಸು ಬಂದ ಮೇಲೆ ಉಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನಿದ್ದೆ ಬಂತಾ?"

ಬಂತು ಅಂದೆವು.